ಮೊಲದ ಪಥ್ಯ

ನಮ್ಮ ಓಣಿಯಲ್ಲಿ ಗಂಡಿಗೆ ಆಪರೇಶನ್ ಆದದ್ದು ಅದೇ ಮೊದಲು. ಅದೂ ಮೊಲಕ್ಕೆ.

ಹೆಂಗಸರ ಮಾತು ಬಿಡಿ. ರೋಣದ ನಮ್ಮ ಓಣಿಯಲ್ಲಿ ಯಾವ ಮನೆಯ ಬಾಗಿಲು ಬಡಿದರೂ ಮಕ್ಕಳು ಸಾಕೆಂದು ಆಪರೇಶನ್ ಮಾಡಿಸಿಕೊಂಡ ಹೆಂಗಸು ಒಬ್ಬಳಾದರೂ ಹೊರಗೆ ಬರುತ್ತಾಳೆ. ನಾನೂ ಅವರಲ್ಲಿ ಒಬ್ಬಳು. ಹೋದರು, ಮಾಡಿಸಿಕೊಂಡು ಬಂದರು, ಮಲಗಿದರು, ಎದ್ದು ರೊಟ್ಟಿ ಬಡಿದರು; ಅದೊಂದು ಸುದ್ದಿಯೇ ಅಲ್ಲ. ಆದರೆ ಒಂದು ಗಂಡು ಮೊಲಕ್ಕೆ ಬೀಜ ತೆಗೆಸಿದೆ ನೋಡಿ, ಊರ ಗೌಡನೇ ಹಾಸಿಗೆ ಹಿಡಿದನೇನೋ ಎಂಬಂತೆ ಓಣಿಗೆ ಓಣಿಯೇ ನಮ್ಮ ಮನೆಗೆ ಬಂತು. ಅದನ್ನು ನೆನೆಸಿಕೊಂಡರೆ ಈಗಲೂ ಪಿತ್ತ ನೆತ್ತಿಗೇರುತ್ತದೆ. ನನ್ನ ಸಿಟ್ಟು ಸದಾ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ಹೇಳುತ್ತಾರೆ. ಇರಲಿ. ಮತ್ತೆಲ್ಲಿ ಇಟ್ಟುಕೊಳ್ಳಬೇಕು ಅದನ್ನು?

ನಾನು ಮನೆಯಲ್ಲೇ ಜಂಪರ ಹೊಲಿಯುತ್ತೇನೆ. ಪಡಸಾಲೆಯಲ್ಲಿ ಮಷೀನು, ಪಕ್ಕದಲ್ಲಿ ಗಿರಾಕಿಗಳ ಬಟ್ಟೆಯ ಗಂಟು. ಗಂಡ ಬಜಾರದಲ್ಲಿ ಜೋಳ, ಕಡಲೆ, ಹತ್ತಿಯ ದಲ್ಲಾಳಿ ಅಂಗಡಿ ನಡೆಸುತ್ತಾರೆ. ಇಬ್ಬರು ಹೆಣ್ಣುಮಕ್ಕಳು ಗದಗಿನ ಹಾಸ್ಟೆಲಿನಲ್ಲಿದ್ದು ಓದುತ್ತಾರೆ. ಮನೆಯಲ್ಲಿ ಉಳಿದವರು ನಾನು, ಗಂಡ, ಅತ್ತೆ. ನಾಲ್ಕನೆಯದಾಗಿ ಮೊಲ ಬಂದದ್ದು ಗಜೇಂದ್ರಗಡದಿಂದ. ಸೀರೆ ತರಲು ಅಲ್ಲಿಗೆ ಹೋದಾಗ ನೇಕಾರರ ಮನೆಯೊಂದರಲ್ಲಿ ಮಗ್ಗದ ಸುತ್ತ ಮೊಲದ ಮರಿಗಳು ಓಡಾಡುತ್ತಿದ್ದವು. ಅದರಲ್ಲೊಂದು ನನ್ನ ಪಾದದ ಮೇಲೆ ಬಂದು ಕುಳಿತಿದ್ದು ಏಳಲೇ ಇಲ್ಲ. ಆ ಮನೆಯ ಹೆಂಗಸು ನಕ್ಕು, "ತಗೊಂಡ ಹೋಗ್ರಿ ಅಕ್ಕಾರ, ಅದು ನಿಮ್ಮನ್ನ ಆರಿಸಿಕೊಂಡೈತಿ" ಎಂದಳು. ನನ್ನನ್ನು ಅಲ್ಲಿಯವರೆಗೆ ಯಾರೂ ಆರಿಸಿಕೊಂಡಿರಲಿಲ್ಲ. ಗಂಡ ಕೂಡ ಅವರಪ್ಪ ತೋರಿಸಿದವಳಿಗೆ ತಾಳಿ ಕಟ್ಟಿದವರು. ಸೀರೆಯ ಚೀಲದಲ್ಲೇ ಮರಿಯನ್ನು ಇಟ್ಟುಕೊಂಡು ಬಸ್ಸು ಹತ್ತಿದೆ.

ಅತ್ತೆ ಮೊದಲಿಗೆ ಮೂಗು ಮುರಿದರು. ಆಮೇಲೆ ಅದು ಹಿಂಗಾಲು ಚಾಚಿ ಒರಗುವ ಠೀವಿ ನೋಡಿ ‘ಸಾವಕಾರ’ ಎಂದು ಕರೆಯತೊಡಗಿದರು. "ಸಾವಕಾರ್ರದು ಊಟ ಆತೇನ? ಸಾವಕಾರ್ರು ಎದ್ದರೇನ?" ಎಂದು ಅವರು ಕೇಳುವಾಗ ಅದು ಕಿವಿ ಅಲ್ಲಾಡಿಸುತ್ತಿತ್ತು. ಅವರು ರೊಟ್ಟಿ ಬಡಿಯಲು ಕುಳಿತರೆ ಒಲೆಯಿಂದ ಮಾರುದೂರದಲ್ಲಿ ಅದೂ ಕೂರುತ್ತಿತ್ತು. ಅತ್ತೆ ನನ್ನೊಂದಿಗೆ ಆಡುವುದಕ್ಕಿಂತ ಹೆಚ್ಚಿನ ಮಾತನ್ನು ಅದರೊಂದಿಗೆ ಆಡುತ್ತಿದ್ದರು.

ಮರಿ ದೊಡ್ಡದಾಯಿತು, ಅದಕ್ಕೆ ಮದ ಬಂತು. ಕಂಡ ಕಂಡಲ್ಲಿ ಉಚ್ಚೆ ಸಿಡಿಸಿ ಇದು ತನ್ನದು, ಅದೂ ತನ್ನದು ಎನ್ನತೊಡಗಿತು. ಮಷೀನಿನ ಕಾಲು ಅದರದು, ಅತ್ತೆಯ ಕೌದಿ ಅದರದು. ಕಡೆಗೊಂದು ದಿನ ಮದುವೆ ಮನೆಯವರು ಹೊಲಿಯಲು ಕೊಟ್ಟಿದ್ದ ರೇಷ್ಮೆ ಬಟ್ಟೆಯೂ ಅದರದಾಯಿತು. ಆ ನಾತವನ್ನು ತೊಳೆದು ತೊಳೆದು ನನ್ನ ಕೈ ಸವೆದವು. ಸಂಜೆ ಗಂಡ ಬಂದು ಮೂಗು ಮುಚ್ಚಿಕೊಂಡು, "ನಾಳಿ ಇದನ್ನ ಜಕ್ಕಲಿ ಹೊಲದಾಗ ಬಿಟ್ಟ ಬರ್ತೀನಿ" ಎಂದರು. ಜಕ್ಕಲಿಯ ನಮ್ಮ ಹೊಲದಲ್ಲಿ ಬಿಟ್ಟರೆ ಅದು ಸಂಜೆಯೊಳಗೆ ನಾಯಿಯ ಬಾಯಿಗೆ ಬೀಳುತ್ತದೆ. ಮನೆಯಲ್ಲಿ ಬೆಳೆದ ಮೊಲಕ್ಕೆ ನಾಯಿ ಯಾವುದು ನರಿ ಯಾವುದು ಗೊತ್ತೇ?

ಹೋರಿಗೆ ಮಾಡಿಸುವುದನ್ನು ಮೊಲಕ್ಕೆ ಯಾಕೆ ಮಾಡಿಸಬಾರದು ಎಂದು ನನ್ನ ತಲೆಗೆ ಬಂದದ್ದು ಆಗ. ನರಗುಂದದಲ್ಲಿ ಒಬ್ಬ ಡಾಕ್ಟರಬಾಯಿ ನಾಯಿ, ಬೆಕ್ಕು, ಮೊಲ ಎಲ್ಲವನ್ನೂ ನೋಡುತ್ತಾರೆಂದು ಗಿರಾಕಿಯೊಬ್ಬಳಿಂದ ತಿಳಿಯಿತು. ಫೋನು ಮಾಡಿ ದಿನ ಕೇಳಿದೆ. ಗಂಡನಿಗೆ, ನೀವೂ ಬನ್ನಿ, ಬುಟ್ಟಿ ಹಿಡಿಯಲು ಒಬ್ಬರು ಬೇಕು ಎಂದೆ.

"ನಾ ಬರೂದಿಲ್ಲ" ಎಂದರು. "ಬಜಾರದಾಗ ಎಲ್ಲಾರಿಗೂ ಗೊತ್ತಾದ್ರ ನನ್ನ ಮರ್ಯಾದಿ ಏನ ಉಳೀತೈತಿ?"

"ಮೊಲದ ಆಪರೇಶನ್ನಿಗೂ ನಿಮ್ಮ ಮರ್ಯಾದಿಗೂ ಏನ ಸಂಬಂಧರೀ?"

ಅಂಗಡಿಯಲ್ಲಿ ಯಾರೋ ಆಗಲೇ, ಇವತ್ತು ಮೊಲದ ಪಾಳಿ, ನಾಳೆ ನಿನ್ನ ಪಾಳಿ ಎಂದು ಕಿಚಾಯಿಸಿದ್ದರಂತೆ. ಅದು ನನಗೆ ಗೊತ್ತಾದದ್ದು ಆಮೇಲೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯನ ಜೊತೆ ನಾಲ್ಕು ಕಾಲಿನ ಮೊಲದ ಬಗ್ಗೆ ವಾದಿಸಿ ಫಲವಿಲ್ಲವೆಂದು ನಾನೊಬ್ಬಳೇ ಹೊರಟೆ.

ಹೊರಡುವ ಬೆಳಿಗ್ಗೆ ಅತ್ತೆ ಅದರ ಮುಂದಿದ್ದ ಹುಲ್ಲನ್ನು ಎತ್ತಿಟ್ಟರು. "ಆಪ್ರೇಶನ್ ಮುಂದ ಬರೇ ಹೊಟ್ಟಿಲೆ ಇರಬೇಕ. ಅಷ್ಟೂ ಗೊತ್ತಿಲ್ಲೇನ ನಿನಗ?" ಎಂದರು. ಹೊರಡುವ ತನಕ ತಿನ್ನಿಸಿರಿ ಎಂದು ಡಾಕ್ಟರಬಾಯಿ ಹೇಳಿದ್ದಾರೆಂದು ನಾನು ಹುಲ್ಲನ್ನು ಮತ್ತೆ ಇಟ್ಟೆ. ಅತ್ತೆ "ಹ್ಞೂಂ" ಎಂದರು. ಆ ಹ್ಞೂಂಕಾರದ ಅರ್ಥ ನನಗೆ ಅಷ್ಟು ವರ್ಷಗಳಾದ ಮೇಲಾದರೂ ತಿಳಿಯಬೇಕಿತ್ತು. ನಮ್ಮ ಅತ್ತೆ ಒಪ್ಪಿದಾಗ ಮಾತಾಡುತ್ತಾರೆ, ಒಪ್ಪದಿದ್ದಾಗ ಹ್ಞೂಂ ಎನ್ನುತ್ತಾರೆ.

ನರಗುಂದದಲ್ಲಿ ಕೆಲಸ ಬೇಗ ಮುಗಿಯಿತು. ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವಳಿರಬಹುದು ಆ ಡಾಕ್ಟರಬಾಯಿ. ಅಮಲಿನಲ್ಲಿ ತೂಕಡಿಸುತ್ತಿದ್ದ ಮೊಲವನ್ನು ಬುಟ್ಟಿಯಲ್ಲಿಟ್ಟು, ನನ್ನನ್ನು ಎದುರು ಕೂರಿಸಿಕೊಂಡು ಹೇಳಿದಳು:

"ಆಪರೇಶನ್ ಚಲೋ ಆಗೈತ್ರಿ. ಇನ್ನ ಮುಂದಿಂದು ನಿಮ್ಮ ಕೈಯಾಗ ಐತಿ. ಮೊಲದ ಕರುಳು ಬೀಸೂ ಕಲ್ಲ ಇದ್ದಂಗ, ತಿರಗತಾ ಇರಬೇಕು. ನಿಂತ್ರ ಮುಗೀತು. ನೋವಿಗೆ ಅದು ಊಟಾ ಬಿಡತೈತಿ, ಊಟಾ ಬಿಟ್ರ ಕರುಳ ನಿಲ್ಲತೈತಿ. ಒಣಹುಲ್ಲ ಮೊದಲಿಗೆ ಮುಟ್ಟಲಿಕ್ಕಿಲ್ಲ. ಅದಕ್ಕ ಭಾಳ ಸೇರೂ ಹಸಿ ತಪ್ಪಲ ಯಾವುದೈತಿ, ಅದನ್ನ ಮುಂದ ಇಡ್ರಿ. ಏನೂ ತಿನ್ಲಿಲ್ಲ ಅಂದ್ರ ಈ ತಿಂಡಿ ನೀರಾಗ ನೆನಸಿ, ಸೂಜಿ ಇಲ್ಲದ ಸಿರಿಂಜಿಲೆ ಬಾಯಿ ಬಾಜೂಕಿಂದ ಹಾಕ್ರಿ. ಹಿಕ್ಕಿ ಬೀಳತಾವೋ ಇಲ್ಲೋ ಅಷ್ಟ ನೋಡಕೊಂತ ಇರ್ರಿ. ಹಿಕ್ಕಿ ಬಿತ್ತಂದ್ರ ಮೊಲ ಉಳೀತು."

ನೋವಿನ ಔಷಧ, ಸಿರಿಂಜು, ತಿಂಡಿಯ ಪೊಟ್ಟಣ ತೆಗೆದುಕೊಂಡು ಬಸ್ಸು ಹಿಡಿದೆ. ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಒಂದು ಕೈಯನ್ನು ಅದರ ಬೆನ್ನ ಮೇಲಿಟ್ಟು ದಾರಿಯುದ್ದಕ್ಕೂ ಹಿಕ್ಕೆಯ ಬಗ್ಗೆಯೇ ಯೋಚಿಸಿದೆ. ಮನೆಗೆ ಬಂದವಳೇ ಡಾಕ್ಟರಬಾಯಿ ಹೇಳಿದ್ದನ್ನೆಲ್ಲ ಅತ್ತೆಗೆ ಬಿಡಿಸಿ ಹೇಳಿದೆ. ಅತ್ತೆ ಕೇಳಿಸಿಕೊಂಡು ಹ್ಞೂಂ ಎಂದರು.

ಸಂಜೆ ಜನ ಬರತೊಡಗಿದರು. ದವಾಖಾನೆಯಿಂದ ಬಂದವರನ್ನು ಮಾತಾಡಿಸಿಕೊಂಡು ಹೋಗುವುದು ನಮ್ಮ ಕಡೆಯ ಪದ್ಧತಿ. ಅದರಲ್ಲಿ ತಪ್ಪೇನಿಲ್ಲ. ಆದರೆ ಎದುರು ಮನೆಯವಳು ಬ್ರೆಡ್ಡಿನ ಪಾಕೀಟು ಹಿಡಿದುಕೊಂಡು, ಸೆರಗಿನಲ್ಲಿ ನಗು ಮುಚ್ಚಿಕೊಂಡು ಒಳಗೆ ಬಂದಾಗ ನನ್ನ ಮೈ ಉರಿಯಿತು.

"ಹ್ಯಾಂಗದಾರ್ರಿ ನಿಮ್ಮ ಸಾವಕಾರ್ರು?" ಎಂದಳು. ಆಮೇಲೆ ಬುಟ್ಟಿಗೆ ಬಗ್ಗಿ, ನಿಜವಾಗಿಯೇ ಮರುಗಿದ ದನಿಯಲ್ಲಿ, "ಅಯ್ಯ ಪಾಪ, ಗಂಡಪ್ರಾಣಿ. ಅದರ ಬಾಳೇನ ಉಳೀತ್ರೀ ಇನ್ನ?" ಎಂದಳು.

ಪಾನ್ ಅಂಗಡಿಯವನು ಬಾಗಿಲಲ್ಲೇ ನಿಂತು, ಒಳಗೆ ಬರದೆ, ಇಣುಕಿ ನೋಡಿ, "ಭಾಳ ಅನ್ಯಾಯ ಮಾಡಿದ್ರಿ ಅಕ್ಕಾರ. ಆ ಶಿವ ಕೊಟ್ಟಿದ್ದನ್ನ ಕೊಯ್ಯಬಾರದಿತ್ತು" ಎಂದ. ಗಂಡನ ಗೆಳೆಯರಿಬ್ಬರು ಬಂದರು. ಅವರು ಮೊಲವನ್ನು ನೋಡಿದ್ದಕ್ಕಿಂತ ನನ್ನ ಗಂಡನ ಮುಖವನ್ನು ನೋಡಿ ನಕ್ಕಿದ್ದೇ ಹೆಚ್ಚು. ಗಂಡ ಗೋಡೆಯ ಕಡೆ ಮುಖ ಮಾಡಿ ಮೊಬೈಲು ಒತ್ತುತ್ತಾ ಕುಳಿತರು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಬುಟ್ಟಿಯೊಳಗೆ ಆ ಜೀವ ಬೆನ್ನು ಗೂನು ಮಾಡಿಕೊಂಡು, ಕಣ್ಣು ಅರ್ಧ ಮುಚ್ಚಿಕೊಂಡು, ಹಲ್ಲು ಕಟಕಟ ಕಡಿಯುತ್ತಿತ್ತು. ನೋವಾದಾಗ ಮೊಲ ಕೂಗುವುದಿಲ್ಲ, ಹಲ್ಲು ಕಡಿಯುತ್ತದೆ. ನನಗೆ ಅದರ ನೋವು ತಿಳಿಯಿತು. ಕೂಗದೆ ಹಲ್ಲು ಕಡಿಯುವುದು ನನಗೆ ಹೊಸದಲ್ಲ.

"ಮಾತಾಡಿಸಿದ್ದು ಸಾಕು, ಎಲ್ಲಾರೂ ನಡೀರಿ" ಎಂದೆ. ಬ್ರೆಡ್ಡಿನ ಪಾಕೀಟನ್ನು ಎದುರು ಮನೆಯವಳ ಕೈಗೇ ವಾಪಸು ಕೊಟ್ಟೆ. ಅವಳು ಮುಖ ದಪ್ಪ ಮಾಡಿಕೊಂಡು ಹೋದಳು.

ಅತ್ತೆ ಒಂದು ಬಟ್ಟಲಲ್ಲಿ ಅಕ್ಕಿ ಗಂಜಿ ತಂದು ಬುಟ್ಟಿಯ ಹತ್ತಿರ ಇಟ್ಟಿದ್ದರು. ಗಂಜಿ ಅದರ ಹೊಟ್ಟೆಗೆ ವಿಷವಿದ್ದಂತೆ ಎಂದು ನಾನು ಅದನ್ನು ಚೆಲ್ಲಿದೆ. ಅತ್ತೆ ಜಗಳ ತೆಗೆಯಲಿಲ್ಲ. ಅಲ್ಲಿಗೆ ಅದು ಮುಗಿಯಿತೆಂದುಕೊಂಡೆ. ಔಷಧ ಹಾಕಿದೆ, ನೆನೆಸಿದ ತಿಂಡಿಯನ್ನು ಸಿರಿಂಜಿನಿಂದ ಒಂದೆರಡು ಸಲ ಬಾಯಿಗೆ ಬಿಟ್ಟೆ, ಅರ್ಧ ಗದ್ದದ ಮೇಲೇ ಇಳಿಯಿತು. ಮಲಗುವ ಮುಂಚೆ ಒಣಹುಲ್ಲು, ಮೆಂತೆ ಸೊಪ್ಪು, ಕರಿಕೆ ಹುಲ್ಲು ಮೂರನ್ನೂ ಬುಟ್ಟಿಯಲ್ಲಿಟ್ಟೆ.

ಬೆಳಿಗ್ಗೆ ಎದ್ದು ನೋಡಿದರೆ ಒಣಹುಲ್ಲು ಇದ್ದಂತೆಯೇ ಇತ್ತು. ಮೆಂತೆ ಇರಲಿಲ್ಲ, ಕರಿಕೆಯೂ ಇರಲಿಲ್ಲ. ನನಗಾದ ಸಂತೋಷಕ್ಕೆ ಕಣ್ಣಲ್ಲಿ ನೀರೇ ಬಂತು. ಡಾಕ್ಟರಬಾಯಿ ಹೇಳಿದಂತೆಯೇ ಹಸಿ ತಪ್ಪಲು ತಿಂದಿದೆ ಎಂದುಕೊಂಡೆ. ಆಗಲೇ ಬಾಗಿಲಿಗೆ ಸೊಪ್ಪಿನವಳು ಬಂದಳು. ಅವಳ ಬುಟ್ಟಿಯಲ್ಲಿ ಹಕ್ಕರಕಿ ಒಂದೇ ಕಟ್ಟು ಉಳಿದಿತ್ತು. ಹಕ್ಕರಕಿ ಎಂದರೆ ಎರೆಹೊಲದಲ್ಲಿ ಬೆಳೆಗಳ ನಡುವೆ ತಾನಾಗಿ ಬರುವ ಸೊಪ್ಪು. ನಾವು ರೊಟ್ಟಿಯ ಜೊತೆ ಹಸಿಯದನ್ನೇ ತಿನ್ನುತ್ತೇವೆ. ನಮ್ಮ ಮೊಲಕ್ಕೆ ಅದೆಂದರೆ ಪ್ರಾಣ. ಆ ಕಟ್ಟನ್ನು ಕೊಂಡು, ತೊಳೆದು, ಬಟ್ಟೆಯಿಂದ ಒರೆಸಿ ಬುಟ್ಟಿಯಲ್ಲಿಟ್ಟು ಹೊಲಿಗೆಗೆ ಕುಳಿತೆ. ನಡುವೆ ಎದ್ದು ಹೋಗಿ ನೋಡಿದಾಗ ಹಕ್ಕರಕಿಯೂ ಖಾಲಿ. ಆದರೆ ಒಂದೇ ಒಂದು ಹಿಕ್ಕೆ ಬಿದ್ದಿರಲಿಲ್ಲ.

ಡಾಕ್ಟರಬಾಯಿಗೆ ಫೋನು ಮಾಡಿದೆ.

"ತಪ್ಪಲ ತಿನ್ನಾಕತ್ತೈತ್ರಿ ಮೇಡಂ. ಆದ್ರ ಹಿಕ್ಕಿ ಇಲ್ಲ."

"ಅಷ್ಟ ತಿಂದ ಮ್ಯಾಲೆ ಬೀಳಬೇಕಿತ್ತಲ್ರಿ" ಎಂದಳು ಆಕೆ. "ಎಲ್ಲೋ ಕಟ್ಟಿಕೊಂಡಂಗ ಕಾಣತೈತಿ. ಈಗ ಸಿರಿಂಜಿಲೆ ತಿಂಡಿ ಹಾಕಬ್ಯಾಡ್ರಿ. ಹೊಟ್ಟಿ ಹಗೂರಕ ತಿಕ್ಕರಿ, ನೀರ ಕುಡಸರಿ. ಮಧ್ಯಾಹ್ನಕ್ಕ ಮತ್ತ ಫೋನ್ ಮಾಡ್ರಿ."

ನಾನು ಆಕೆಗೆ ಸುಳ್ಳು ಹೇಳಿದ್ದೆ. ಸುಳ್ಳೆಂದು ನನಗೆ ಗೊತ್ತಿರಲಿಲ್ಲ ಅಷ್ಟೆ. ಆ ನನ್ನ ಮಾತನ್ನು ನಂಬಿ ಆಕೆ ತಿಂಡಿ ನಿಲ್ಲಿಸೆಂದಳು, ನಾನು ನಿಲ್ಲಿಸಿದೆ. ಬೆಳಗಿನಿಂದ ಅದರ ಹೊಟ್ಟೆಗೆ ಹೋದದ್ದು ನೀರು ಮಾತ್ರ. ಮಧ್ಯಾಹ್ನದ ಹೊತ್ತಿಗೆ ಅದರ ಕಿವಿ ತಣ್ಣಗಾಗತೊಡಗಿದವು. ಬೆರಳಿಟ್ಟು ಹೊಟ್ಟೆ ತಿಕ್ಕಿದರೆ ಮೊದಲಿನಂತೆ ಕೈ ತಪ್ಪಿಸಿಕೊಳ್ಳಲೂ ಇಲ್ಲ. ಕೈಯೊಳಗೆ ಜೀವ ಸಣ್ಣಗಾಗುವುದು ಗೊತ್ತಾಗುತ್ತದೆ. ಇದು ಸಾಯುತ್ತದೆ ಎಂದು ನನಗೆ ಮೊದಲ ಸಲ ಅನ್ನಿಸಿದ್ದು ಆಗ.

ಗಂಡ ಊಟಕ್ಕೆ ಬಂದರು. ಅತ್ತೆ ತಾಟು ಹಾಕಿದರು. ನಾನು ಮೊಲವನ್ನು ಮಡಿಲಲ್ಲಿ ಇಟ್ಟುಕೊಂಡು ಕಂಬಕ್ಕೆ ಒರಗಿ ಕುಳಿತಿದ್ದೆ. ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಮೊಸರು. ಗಂಡ ರೊಟ್ಟಿ ಮುರಿದರು. ತಾಟಿನ ಅಂಚಿನಿಂದ ಏನೋ ಎತ್ತಿ ಬಾಯಿಗಿಟ್ಟುಕೊಂಡು ಕರುಂ ಕರುಂ ಎಂದು ಅಗಿಯತೊಡಗಿದರು. ನಾನು ಕಣ್ಣೆತ್ತಿ ನೋಡಿದೆ. ಹಕ್ಕರಕಿ.

ಆ ದಿನ ಮನೆಗೆ ಬಂದದ್ದು ಅದೊಂದೇ ಕಟ್ಟು. ಕೊಂಡವಳು ನಾನು, ಬುಟ್ಟಿಯಲ್ಲಿ ಇಟ್ಟವಳೂ ನಾನು. ಅದು ನನ್ನ ಗಂಡನ ತಾಟಿನಲ್ಲಿತ್ತು. ಬೆಳಿಗ್ಗೆ ಬೇಳೆಯಲ್ಲಿ ಮೆಂತೆ ತೇಲುತ್ತಿದ್ದದ್ದೂ ಆಗ ನೆನಪಾಯಿತು. ನಾನೇ ಅದನ್ನು ಬಾಯಿ ಚಪ್ಪರಿಸಿ ಉಂಡಿದ್ದೆ. ಮೊಲ ಏನೂ ತಿಂದಿರಲಿಲ್ಲ. ತಿಂದದ್ದು ನಾವು.

"ಅತ್ತೀ!" ಎಂದು ನಾನು ಕೂಗಿದ್ದು ಓಣಿಗೆ ಕೇಳಿಸಿರಬೇಕು. ಗಂಡನ ಕೈಯಲ್ಲಿದ್ದ ತುತ್ತು ತಾಟಿಗೆ ಬಿತ್ತು. "ಇದರ ತಪ್ಪಲ ನೀವು ತಗದ್ರೇನ?"

ಅತ್ತೆ ಹೆದರಲಿಲ್ಲ. ಒಲೆಯ ಮುಂದಿನಿಂದ ತಿರುಗಿ, ತುಂಬಾ ತಿಳಿದವರ ಹಾಗೆ ನಿಧಾನವಾಗಿ ಹೇಳಿದರು: "ಹೌದು, ತಗದೆ. ಹುಲ್ಲನ್ನ ಬಾಜೂ ಮನಿ ಆಡಿಗೆ ಹಾಕಿದೆ. ಹೊಲಿಗಿ ಹಾಕಿದ ಮೈಯಿಗೆ ಹಸಿ ತಪ್ಪಲ ನಂಜು. ಗಾಯ ಕೀವು ಆಗತೈತಿ. ಆಪ್ರೇಶನ್ ಆದ ಜೀವಕ್ಕ ಪಥ್ಯ ಇರಬೇಕ. ಲಂಘನಂ ಪರಮೌಷಧಂ ಅಂತ ಹಿರ್ಯಾರು ಸುಮ್ಮನ ಹೇಳ್ಯಾರೇನ? ನಿನ್ನಿ ಮೊನ್ನಿ ಹುಟ್ಟಿದ ಆ ಹುಡಿಗಿಗೆ ಏನ ತಿಳೀತೈತಿ?"

"ಇದು ಮನಿಷಾ ಅಲ್ರಿ, ಮೊಲ!"

"ಜೀವ ಜೀವನ. ನಿನಗ ಆಪ್ರೇಶನ್ ಆದಾಗ ನಾ ಕೊಟ್ಟಿದ್ನೇನ ಹಸೀದು? ಕೊಡಲಿಲ್ಲ. ನೀ ಗಟ್ಟಿಯಾಗಿ ಏಳಲಿಲ್ಲೇನ?"

ಅದನ್ನು ಅವರು ನೆನಪು ಮಾಡಬಾರದಿತ್ತು.

ಎರಡನೆಯ ಮಗಳು ಹುಟ್ಟಿದ ಮೇಲೆ ಇನ್ನು ಸಾಕೆಂದು ಮನೆಯವರೆಲ್ಲ ಒಪ್ಪಿದ್ದರು. ಯಾರು ಮಾಡಿಸಿಕೊಳ್ಳಬೇಕು ಎಂಬ ಮಾತು ಬಂದಾಗ ಗಂಡ, "ಗಂಡಸರು ಮಾಡಿಸಿಕೊಂಡ್ರ ಸೊಂಟದ ಶಕ್ತಿ ಹೋಗತೈತಿ. ನಾಳೆ ಚೀಲ ಎತ್ತೂದ ಹ್ಯಾಂಗ?" ಎಂದಿದ್ದರು. ದಲ್ಲಾಳಿ ಅಂಗಡಿಯಲ್ಲಿ ಚೀಲ ಎತ್ತುವವರು ಹಮಾಲರು. ನನ್ನ ಗಂಡ ಎತ್ತುವುದು ಚಹಾದ ಕಪ್ಪು ಮಾತ್ರ. ಆದರೂ ಅವರ ಸೊಂಟ ಉಳಿಯಿತು, ನಾನು ಕ್ಯಾಂಪಿಗೆ ಹೋದೆ. ಸಾಲಾಗಿ ಹಾಸಿದ ಚಾಪೆಯ ಮೇಲೆ ಹತ್ತಾರು ಹೆಂಗಸರ ನಡುವೆ ಮಲಗಿ ಎದ್ದು ಬಂದೆ. ಮಾತಾಡಿಸಲು ಓಣಿಯವರು ಒಬ್ಬರೂ ಬರಲಿಲ್ಲ. ಅದಕ್ಕೇನು ಬರುವುದು, ಎಲ್ಲರಿಗೂ ಆಗುವುದೇ ಅಲ್ಲವೇ?

ಅಂದಿನಿಂದ ಪಥ್ಯ. ಉಪ್ಪಿಲ್ಲದ ಗಂಜಿ, ಒಣರೊಟ್ಟಿಯ ಚೂರು. ಬದನೆಕಾಯಿ ನಂಜು, ತಪ್ಪಲು ನಂಜು, ಮೊಸರು ನಂಜು, ಶೇಂಗಾ ನಂಜು. ಎದೆಹಾಲು ಕುಡಿಯುವ ಕೂಸು ಮಡಿಲಲ್ಲಿತ್ತು. ನನ್ನ ಹೊಟ್ಟೆಯಲ್ಲಿ ಬೆಂಕಿ ಉರಿಯುತ್ತಿತ್ತು. ಒಳಕೋಣೆಯಲ್ಲಿ ಮಲಗಿದ್ದ ನನಗೆ ಹೊರಗೆ ಎಲ್ಲರೂ ಉಣ್ಣುವ ಸದ್ದು ಕೇಳುತ್ತಿತ್ತು. ಅದೂ ಹಕ್ಕರಕಿಯ ಕಾಲವೇ. ಗೋಡೆಯಾಚೆ ಗಂಡ ಅದನ್ನು ಅಗಿಯುವ ಕರುಂ ಕರುಂ ಸದ್ದಿಗೆ ನಾನು ಕಿವಿ ಮುಚ್ಚಿಕೊಂಡು ಅತ್ತಿದ್ದೇನೆ. ಹಸಿವೆಯಿಂದ ಅತ್ತಿದ್ದೆ ಎಂದು ಹೇಳಿಕೊಳ್ಳಲು ಇಂದಿಗೂ ನಾಚಿಕೆಯಾಗುತ್ತದೆ. ನಾಚಿಕೆ ಯಾರಿಗೆ ಆಗಬೇಕಿತ್ತೋ ಅವರಿಗೆ ಆಗಲಿಲ್ಲ.

ಇದನ್ನೆಲ್ಲ ನಾನು ಅಂದು ಹೇಳಲಿಲ್ಲ. ಹೇಳಿದ್ದು ಒಂದೇ ಮಾತು: "ನಾ ಗಟ್ಟಿಯಾಗಿ ಎದ್ದೆ ಅಂತ ನಿಮಗ ಯಾರ ಹೇಳಿದ್ರು?"

ಗಂಡ, "ಒಂದ ಮೊಲದ ಸಲವಾಗಿ ಇಷ್ಟ ರಂಪಾಟ ಯಾಕ" ಎಂದು ಗೊಣಗಿದರು. ನಾನು ಎದ್ದು ಅವರ ತಾಟಿನಲ್ಲಿ ಉಳಿದಿದ್ದ ಹಕ್ಕರಕಿಯನ್ನು ಬಾಚಿಕೊಂಡೆ. ಎಲ್ಲ ಎಲೆಗೂ ಹಿಂಡಿ, ಮೊಸರು ಮೆತ್ತಿತ್ತು. ಮೊಲಕ್ಕೆ ಅದು ಬರುವಂತಿರಲಿಲ್ಲ. ಸಿಟ್ಟಿಗೆ ಅದನ್ನು ಬಚ್ಚಲಿಗೆ ಎಸೆದೆ. ಗಂಡ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ನಡೆದರು.

ಫೋನಿನಲ್ಲಿ ನಿಜ ಹೇಳಿದಾಗ ಡಾಕ್ಟರಬಾಯಿಯೂ ಬೈದಳು. ಬೈಯಲಿ. "ಹಂಗಾರ ಹೊಟ್ಟ್ಯಾಗ ಏನೂ ಇಲ್ಲ! ತಡಾ ಮಾಡಬ್ಯಾಡ್ರಿ, ಈಗಿಂದ ಈಗ ಸಿರಿಂಜಿಲೆ ತಿಂಡಿ ಹಾಕ್ರಿ. ಸ್ವಲ್ಪ ಸ್ವಲ್ಪ, ಬಿಟ್ಟ ಬಿಟ್ಟ. ಹೊತ್ತ ಮುಳಗೂದರಾಗ ತಾನಾಗಿ ಒಂದ ಎಲಿನರ ತಿನ್ನಬೇಕು. ಇಲ್ಲಂದ್ರ ತಗೊಂಡ ಬರ್ರಿ. ಆದ್ರ ಆಮ್ಯಾಲೆ ನಾ ಮಾತ ಕೊಡೂದಿಲ್ಲ" ಎಂದಳು.

ಮೊಲವನ್ನು ಹಳೆಯ ಟವಲಿನಲ್ಲಿ ಕೂಸಿನಂತೆ ಸುತ್ತಿ ಮಡಿಲಲ್ಲಿಟ್ಟುಕೊಂಡೆ. ನೆನೆಸಿದ ತಿಂಡಿಯನ್ನು ಹಿಸುಕಿ, ಸೋಸಿ, ಸಿರಿಂಜಿನಲ್ಲಿ ಎಳೆದು ಬಾಯಿಯ ಪಕ್ಕದಿಂದ ತೊಟ್ಟು ತೊಟ್ಟಾಗಿ ಬಿಟ್ಟೆ. ಮೊದಲು ನುಂಗಲೇ ಇಲ್ಲ. ಗಂಟಲು ಸವರಿದೆ, ಕಾದೆ, ಮತ್ತೆ ಬಿಟ್ಟೆ. "ನುಂಗು, ಮೂಳಾ, ನುಂಗು" ಎಂದು ಬೈದೆ. ಆ ಸಿಟ್ಟು ಅದರ ಮೇಲಿನದಲ್ಲ. ಕಡೆಗೆ ಒಂದು ಸಲ ಗುಟುಕ್ಕೆಂದಿತು. ಆಮೇಲೆ ಇನ್ನೊಂದು ಸಲ. ಆದರೆ ಮುಂದಿಟ್ಟ ಒಣಹುಲ್ಲಿನತ್ತ ಮೂಗು ಕೂಡ ತಿರುಗಿಸಲಿಲ್ಲ. ಹಸಿ ಸೊಪ್ಪು ಮನೆಯಲ್ಲಿ ಒಂದೆಸಳೂ ಇರಲಿಲ್ಲ. ಬಜಾರಕ್ಕೆ ಹೋಗಿ ತರೋಣವೆಂದರೆ ಇದನ್ನು ಬಿಟ್ಟು ಏಳುವಂತಿರಲಿಲ್ಲ. ಅತ್ತೆಯನ್ನು ಕರೆದೆ. ಉತ್ತರವಿಲ್ಲ. ಹಿತ್ತಲ ಬಾಗಿಲು ತೆರೆದಿತ್ತು.

ಎದುರು ಮನೆಗೆ ಹೋಗಿ ನನ್ನ ಮೇಲೆ ಚಾಡಿ ಹೇಳುತ್ತಿದ್ದಾರೆ ಎಂದುಕೊಂಡೆ. ಹೇಳಿಕೊಳ್ಳಲಿ, ಸೊಸೆ ಕೂಗಾಡಿದಳು ಎನ್ನಲಿ, ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನಲಿ. ಬರಲಿ ಮನೆಗೆ, ಇನ್ನೂ ನಾಲ್ಕು ಮಾತು ಬಾಕಿ ಇವೆ ಎಂದು ಹಲ್ಲು ಕಡಿದೆ. ಒಂದೊಂದೇ ಮಾತನ್ನು ಮನಸ್ಸಿನಲ್ಲಿ ಜೋಡಿಸಿಕೊಂಡೆ. ಇಷ್ಟು ವರ್ಷ ಆಡದೆ ಉಳಿದವೆಲ್ಲ ಅದರಲ್ಲಿದ್ದವು.

ಬಿಸಿಲು ಇಳಿದು ಅಂಗಳದಲ್ಲಿ ನೆರಳು ಉದ್ದವಾದಾಗ ಅತ್ತೆ ಬಂದರು. ಮೊಣಕಾಲು ನೋವೆಂದು ಗುಡಿಗೂ ಹೋಗದವರು ಅವರು. ಕಾಲಿಗೆ ಪಾದ ಕಾಣದಷ್ಟು ಎರೆಮಣ್ಣು ಮೆತ್ತಿತ್ತು. ಸೆರಗಿನಲ್ಲಿ ಏನನ್ನೋ ಗಂಟು ಕಟ್ಟಿ ಹೊಟ್ಟೆಗೆ ಅವುಚಿಕೊಂಡಿದ್ದರು. ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂರಲು ಹೋಗಿ, ಆಗದೆ, ಧೊಪ್ಪನೆ ಕುಳಿತು ಸೆರಗು ಬಿಚ್ಚಿದರು. ಹಕ್ಕರಕಿ, ಕರಿಕೆ, ಎಲ್ಲ ಬೇರಿನ ಸಮೇತ, ಆಗಷ್ಟೇ ಕಿತ್ತದ್ದು.

"ಎಲ್ಲಿಂದ ತಂದ್ರಿ?"

"ಊರ ಹೊರಗಿನ ಕಡ್ಲಿ ಹೊಲದಾಗಿಂದ."

"ಯಾರ ಹೊಲರೀ ಅದು?"

"ಯಾರದರ ಇರಲಿ. ಹಕ್ಕರಕಿನ ಯಾರ ಬಿತ್ತಿರ್ತಾರ?"

ಅವರು ಒಂದು ಎಲೆಯನ್ನು ಸೀರೆಗೆ ಒರೆಸಿ ಮೊಲದ ಮೂಗಿನ ಹತ್ತಿರ ಹಿಡಿದರು. ಮೊಲ ಅಲ್ಲಾಡಲಿಲ್ಲ. ಅತ್ತೆ ಎಲೆಯನ್ನು ಮುರಿದು, ಹಾಲು ಜಿನುಗುವ ಕಡೆಯನ್ನು ಅದರ ತುಟಿಗೆ ತಾಗಿಸಿದರು. "ತಿನ್ರಿ ಸಾವಕಾರ್ರ. ತಪ್ಪಾತು, ತಿನ್ರಿ" ಎಂದರು. ಅತ್ತೆಯ ಬಾಯಿಂದ ತಪ್ಪಾತು ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಅದೂ ಮೊಲಕ್ಕೆ.

ಮೊಲದ ಮೂಗು ಒಂದು ಸಲ ಅದುರಿತು. ಇಬ್ಬರೂ ಉಸಿರು ಹಿಡಿದು ಕುಳಿತೆವು. ಮತ್ತೆ ಅದುರಿತು. ತುಟಿ ಸರಿದು ಎಲೆಯ ತುದಿಯನ್ನು ಹಿಡಿಯಿತು. ಹಿಡಿದು ಹಾಗೇ ಇತ್ತು, ಏನು ಮಾಡಬೇಕೆಂದು ಮರೆತ ಹಾಗೆ. ಆಮೇಲೆ ದವಡೆ ಒಮ್ಮೆ ಆಡಿತು. ಕರುಂ. ಎಲೆ ಒಂದಿಷ್ಟು ಒಳಗೆ ಸರಿಯಿತು. ಕರುಂ ಕರುಂ.

ಅತ್ತೆ ಇನ್ನೊಂದು ಎಲೆ ಕೊಟ್ಟರು. ಮತ್ತೊಂದು. ಮನೆಯಲ್ಲಿ ಬೇರೆ ಸದ್ದಿರಲಿಲ್ಲ, ಆ ಅಗಿಯುವ ಸದ್ದು ಒಂದೇ. ಅತ್ತೆ ಅದನ್ನೇ ಕೇಳುತ್ತಾ ಕುಳಿತಿದ್ದರು. ನನ್ನ ಮುಖ ನೋಡದೆ, ಮೊಲದ ಕಿವಿ ಸವರುತ್ತಾ ಕೇಳಿದರು:

"ನೀನೂ ಹಿಂಗ ಹಸದಿದ್ದೇನ, ಆವಾಗ?"

ಜೋಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. "ಹೌದ್ರಿ ಅತ್ತಿ" ಎಂದೆ. "ಭಾಳ ಹಸದಿದ್ದೆ."

"ಹೇಳಬೇಕಿಲ್ಲ?"

"ಕೇಳಬೇಕಿಲ್ಲರೀ?"

ಅತ್ತೆ ಹ್ಞೂಂ ಎನ್ನಲಿಲ್ಲ. ಬೇರಿಗೆ ಅಂಟಿದ್ದ ಮಣ್ಣನ್ನು ಬೆರಳಿನಿಂದ ಉದುರಿಸುತ್ತಾ, "ನನಗೂ ಯಾರೂ ಕೇಳಲಿಲ್ಲವ್ವ. ಗರ್ಭಚೀಲ ತಗದಾಗ ನಮ್ಮತ್ತಿ ಹಿಂಗ ಮಲಗಿಸಿದ್ಲು. ಹಸಿವಿಗೆ ನಾ ಹಿತ್ತಲದಾಗ ಹೋಗಿ ಹುಣಸಿ ಚಿಗರ ತಿಂದಿದ್ದೆ" ಎಂದರು. ಅದನ್ನು ಕೇಳಿ ನನ್ನ ಸಿಟ್ಟು ಇಳಿಯಬೇಕಿತ್ತೇನೋ. ಇಳಿಯಲಿಲ್ಲ, ಇಮ್ಮಡಿಯಾಯಿತು. ಹಸಿವೆ ಎಂದರೆ ಏನೆಂದು ಗೊತ್ತಿದ್ದವರೇ ನನ್ನನ್ನು ಹಸಿವೆಯಲ್ಲಿ ಮಲಗಿಸಿದ್ದರು.

ದೀಪ ಹಚ್ಚುವ ಹೊತ್ತಿಗೆ ಟವಲಿನಲ್ಲಿ ಒಂದು ಹಿಕ್ಕೆ ಕಂಡಿತು. ಸಣ್ಣದು, ಒಣಗಿದ್ದು. ಅತ್ತೆ ಅದನ್ನು ಅಂಗೈಯಲ್ಲಿಟ್ಟುಕೊಂಡು ದೀಪದ ಹತ್ತಿರ ಹಿಡಿದು ನೋಡಿದರು. ಸ್ವಲ್ಪ ಹೊತ್ತಿಗೆ ಇನ್ನೆರಡು ಬಿದ್ದವು. ಡಾಕ್ಟರಬಾಯಿಗೆ ಫೋನಿನಲ್ಲಿ ಅದರ ಫೋಟೋ ಕಳಿಸಿದೆ.

ಗಂಡ ಅಂಗಡಿ ಮುಚ್ಚಿ ಬಂದಾಗ ಮೊಲ ಬುಟ್ಟಿಯಲ್ಲಿ ಕುಳಿತು ತಿನ್ನುತ್ತಿತ್ತು. ಅವರು ಅದನ್ನು ನೋಡಿ, "ನಾ ಹೇಳಿರಲಿಲ್ಲೇನ, ಅದಕ್ಕೇನೂ ಆಗೂದಿಲ್ಲ ಅಂತ?" ಎಂದು ಕಾಲು ತೊಳೆದು ಊಟಕ್ಕೆ ಕುಳಿತರು. ಅವರು ಹಾಗೆಂದು ಎಂದೂ ಹೇಳಿರಲಿಲ್ಲ. ಅತ್ತೆ ಮೊಲಕ್ಕೆ ಬೇಕಾದಷ್ಟು ತೆಗೆದಿಟ್ಟು, ಉಳಿದ ಹಕ್ಕರಕಿಯನ್ನು ಮೂರು ನೀರಿನಲ್ಲಿ ತೊಳೆದರು. ತಾಟಿನ ತುಂಬ ಹಾಕಿ, ಬಿಸಿ ರೊಟ್ಟಿ ಇಟ್ಟು, ಮೇಲೆ ಮೊಸರು ಸುರಿದು ತಂದು ನನ್ನ ಮುಂದಿಟ್ಟರು. ಈ ಮನೆಗೆ ಬಂದಾಗಿನಿಂದ ನನಗೆ ಮೊದಲು ತಾಟು ಹಾಕಿದ್ದು ಅಂದೇ.

ಗಂಡ ಪಕ್ಕದಿಂದ ಕೈ ಚಾಚಿದರು. ಅತ್ತೆ ಆ ಕೈಯ ಮೇಲೆ ಪಟ್ಟೆಂದು ಹೊಡೆದರು.

"ಮುಟ್ಟಬ್ಯಾಡ. ನಿನಗ ನಂಜು."

"ನನಗೇನಾಗೈತಿ ನಂಜಾಗಾಕ?"

"ಏನೂ ಆಗಿಲ್ಲಲಾ," ಎಂದರು ಅತ್ತೆ, "ಅದಕ್ಕ."

ಗಂಡ ನನ್ನ ಮುಖ ನೋಡಿದರು. ನಾನು ರೊಟ್ಟಿ ಮುರಿದು, ನಾಲ್ಕು ಎಲೆ ಒಟ್ಟಿಗೇ ಬಾಯಿಗಿಟ್ಟು, ಅವರಿಗೆ ಕೇಳಿಸುವ ಹಾಗೆ ಅಗಿದೆ.